ಬೆಲೆ ಕಡಿಮೆಯೇ ಇದೆ, ಹಳೆಯ ಮನೆ ಮಾತ್ರ ಏಕೆ ಮಾರಾಟವಾಗುತ್ತಿಲ್ಲ?

ಪ್ರಶ್ನೆ: ಮೈಸೂರಿನ ವಿದ್ಯಾರಣ್ಯಪುರದಲ್ಲಿ ನಮ್ಮ ತಂದೆಯವರು 1970ರ ದಶಕದಲ್ಲಿ ಕಟ್ಟಿಸಿದ ಮನೆಯಿದೆ. ನಿವೇಶನ 20 ಅಡಿ ಅಗಲ, 45 ಅಡಿ ಉದ್ದ. ಮುಂಭಾಗಕ್ಕೆ ಆರ್‌ಸಿಸಿ, ಹಿಂಭಾಗಕ್ಕೆ ಮಂಗಳೂರು ಹೆಂಚು. ತಂದೆಯವರು ತೀರಿಕೊಂಡ ಮೇಲೆ ಮನೆ ಖಾಲಿ ಬಿದ್ದಿದೆ. 48 ಲಕ್ಷ ಹೇಳುತ್ತಿದ್ದೇವೆ. ಅದೇ ಬೀದಿಯ ಹೊಸ ಮನೆಗಳಿಗೆ ಇದಕ್ಕಿಂತ ಬಹಳ ಹೆಚ್ಚು ಹೇಳುತ್ತಾರೆ. ವರ್ಷವಾಗುತ್ತಾ ಬಂತು. ನೋಡಲು ಬರುವವರಿಗೆ ಕೊರತೆಯಿಲ್ಲ, ಕೊಳ್ಳುವವರು ಮಾತ್ರ ಯಾರೂ ಇಲ್ಲ. ಇನ್ನೂ ಬೆಲೆ ಇಳಿಸಬೇಕೆ?

ಉತ್ತರ: ಸದ್ಯಕ್ಕೆ ಬೇಡ. ನೋಡಲು ಜನ ಬರುತ್ತಿದ್ದಾರೆ ಎಂದು ನೀವೇ ಬರೆದಿದ್ದೀರಿ. ಹೇಳಿದ ಬೆಲೆ ಆ ಬಡಾವಣೆಯ ಮಟ್ಟಿಗೆ ಅತಿಯಾಗಿದ್ದರೆ ಮಾತು ಫೋನಿನಲ್ಲೇ ಮುಗಿಯುತ್ತದೆ, ಯಾರೂ ಮನೆಯವರೆಗೆ ಬರುವುದಿಲ್ಲ. ಬಂದು, ಕೋಣೆ ಕೋಣೆ ತಿರುಗಿ ನೋಡಿ, ಆಮೇಲೆ ಸುದ್ದಿಯಿಲ್ಲದೆ ಹೋಗುವವರಿಗೆ ಅಡ್ಡಿಯಾಗಿರುವುದು ಬೇರೆ ಏನೋ. ಅದು ಕಟ್ಟಡವೋ, ಕಾಗದಪತ್ರವೋ, ಬ್ಯಾಂಕೋ ಎಂದು ತಿಳಿದುಕೊಳ್ಳದೆ ಎರಡು ಲಕ್ಷ ಇಳಿಸಿದರೆ ಮುಂದೆ ಬರುವವರೂ ಅದೇ ಜಾಗದಲ್ಲಿ ನಿಲ್ಲುತ್ತಾರೆ. ಜೊತೆಗೆ, ಇಷ್ಟು ಅಗ್ಗಕ್ಕೆ ಕೊಡುತ್ತಿದ್ದಾರೆಂದರೆ ಏನೋ ತಕರಾರು ಇರಬೇಕು ಎಂಬ ಮಾತು ಬೀದಿಯಲ್ಲಿ ಹುಟ್ಟಿಕೊಳ್ಳುತ್ತದೆ.

ಇಂಥ ಮನೆಗೆ ಬರುವ ಗಿರಾಕಿಗಳಲ್ಲಿ ಹೆಚ್ಚಿನವರು ಎರಡು ಬಗೆಯವರು. ಒಬ್ಬರು ಕೈಯಲ್ಲಿ ಹಣವಿಟ್ಟುಕೊಂಡು ನಿವೇಶನಕ್ಕಾಗಿ ಬರುವವರು. ಅವರ ಕಣ್ಣಿಗೆ ನಿಮ್ಮ ಮನೆ ಕೆಡವಬೇಕಾದ ಹೊರೆ, ಆದ್ದರಿಂದ ಅವರು ಭೂಮಿಯ ಬೆಲೆಯಿಂದ ಕೆಡವುವ ಖರ್ಚನ್ನೂ ಕಳೆದು ಕೇಳುತ್ತಾರೆ. ಇನ್ನೊಬ್ಬರು ಸಂಬಳದಲ್ಲಿ ಬದುಕುವ ಕುಟುಂಬದವರು. ಅವರಿಗೆ ಮನೆ ಮನೆಯಾಗಿಯೇ ಬೇಕು, ಆದರೆ ಅವರು ಕೊಳ್ಳುವುದು ಬ್ಯಾಂಕ್ ಸಾಲದಿಂದ. ನಿಮ್ಮ ಬೆಲೆ ಹೊಂದುವುದು ಈ ಎರಡನೆಯವರಿಗೆ, ನಿಮ್ಮ ಮನೆಗೆ ಸಾಲ ಹುಟ್ಟುವುದು ಕಷ್ಟವಾಗಿರುವುದೂ ಇವರಿಗೇ. ಕೈಗೆಟುಕುವ ಬೆಲೆಯ ಹಳೆಯ ಮನೆಗಳು ಮಾರಾಟವಾಗದೆ ಉಳಿಯುವುದಕ್ಕೆ, ನನ್ನ ಅಭಿಪ್ರಾಯದಲ್ಲಿ, ಇದಕ್ಕಿಂತ ದೊಡ್ಡ ಕಾರಣವಿಲ್ಲ.

ಕೊಳ್ಳುವವರ ಲೆಕ್ಕವನ್ನು ಒಮ್ಮೆ ಅವರ ಕಡೆಯಿಂದಲೇ ಹಾಕಿ ನೋಡೋಣ. ಕ್ರಯಪತ್ರಕ್ಕೆ ಮುದ್ರಾಂಕ ಶುಲ್ಕ ಶೇ. 5, ಅದರ ಮೇಲೆ ಸೆಸ್ ಮತ್ತು ಸರ್‌ಚಾರ್ಜ್ ಸೇರಿ ನಗರ ಪ್ರದೇಶದಲ್ಲಿ ಶೇ. 5.6 ಆಗುತ್ತದೆ. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 1ರಿಂದ 2ಕ್ಕೆ ಏರಿದೆ. ಒಟ್ಟು ಶೇ. 7.6, ಅಂದರೆ 48 ಲಕ್ಷಕ್ಕೆ ಸುಮಾರು 3.65 ಲಕ್ಷ. ಈ ಹಣಕ್ಕೆ ಸಾಲ ಸಿಗುವುದಿಲ್ಲ. 30 ಲಕ್ಷಕ್ಕೆ ಮೇಲ್ಪಟ್ಟು 75 ಲಕ್ಷದವರೆಗಿನ ಗೃಹಸಾಲಗಳಲ್ಲಿ ಆಸ್ತಿಯ ಮೌಲ್ಯದ ಶೇ. 80ಕ್ಕಿಂತ ಹೆಚ್ಚು ಕೊಡಬಾರದೆಂದು ರಿಸರ್ವ್ ಬ್ಯಾಂಕಿನ ನಿಯಮವಿದೆ. ಮೌಲ್ಯವೆಂದರೆ ಇಲ್ಲಿ ನೀವು ಹೇಳುವ ಬೆಲೆಯಲ್ಲ, ಬ್ಯಾಂಕಿನ ಎಂಜಿನಿಯರ್ ಬಂದು ನೋಡಿ ಬರೆಯುವ ಮೊತ್ತ. ಐವತ್ತು ವರ್ಷದ ಕಟ್ಟಡಕ್ಕೆ, ಅದರಲ್ಲೂ ಅರ್ಧ ಹೆಂಚಿನ ಮನೆಗೆ, ಅವರು ಅತ್ಯಲ್ಪ ಬೆಲೆ ಕಟ್ಟಿ ಒಟ್ಟು 42 ಲಕ್ಷವೆಂದು ಬರೆದರೆನ್ನಿ. ಆಗ ಸಾಲ 33.6 ಲಕ್ಷಕ್ಕೆ ನಿಲ್ಲುತ್ತದೆ. ಉಳಿದ 14.4 ಲಕ್ಷ, ನೋಂದಣಿ ಖರ್ಚು 3.65 ಲಕ್ಷ, ಹೀಗೆ 18 ಲಕ್ಷಕ್ಕೂ ಹೆಚ್ಚು ಹಣವನ್ನು ಕೈಯಿಂದ ಹಾಕಬೇಕು, ಮತ್ತು ದುರಸ್ತಿ ಇನ್ನೂ ಆರಂಭವೇ ಆಗಿರುವುದಿಲ್ಲ.

ಸಾಲದ ಅವಧಿಯ ವಿಷಯವೂ ಇದೆ. ಕಟ್ಟಡ ಇನ್ನೆಷ್ಟು ವರ್ಷ ನಿಲ್ಲುತ್ತದೆ ಎಂದು ಎಂಜಿನಿಯರ್ ಬರೆಯುತ್ತಾರೋ, ಬ್ಯಾಂಕ್ ಸಾಮಾನ್ಯವಾಗಿ ಅದರೊಳಗೇ ಸಾಲ ತೀರುವಂತೆ ನೋಡಿಕೊಳ್ಳುತ್ತದೆ. ಶೇ. 8.5 ಬಡ್ಡಿಯಲ್ಲಿ 33.6 ಲಕ್ಷಕ್ಕೆ 20 ವರ್ಷದ ಕಂತು ತಿಂಗಳಿಗೆ ಸುಮಾರು 29 ಸಾವಿರವಾದರೆ, 10 ವರ್ಷದ್ದು 41 ಸಾವಿರ ದಾಟುತ್ತದೆ. 29 ಸಾವಿರ ಕಟ್ಟಬಲ್ಲ ಮನೆಯವರು 41 ಸಾವಿರಕ್ಕೆ ಹಿಂದೆ ಸರಿಯುವುದು ಸಹಜ. ಅವರು ಅದನ್ನು ನಿಮ್ಮೆದುರು ಹೇಳುವುದಿಲ್ಲ; ಮನೆಯವರನ್ನು ಕೇಳಿ ತಿಳಿಸುತ್ತೇವೆ ಎಂದು ಹೋಗಿಬಿಡುತ್ತಾರೆ. ನೀವು ಒಂದು ಲಕ್ಷ ಇಳಿಸಿದರೆ ಆ ಕಂತಿನಲ್ಲಿ ಹೆಚ್ಚೇನೂ ವ್ಯತ್ಯಾಸವಾಗದು. ಅದಕ್ಕಿಂತ, ಆ ಪ್ರದೇಶದಲ್ಲಿ ಗೃಹಸಾಲ ಕೊಡುವ ಒಂದೆರಡು ಬ್ಯಾಂಕುಗಳಲ್ಲಿ ನೀವೇ ವಿಚಾರಿಸಿ, ಅವರ ಪಟ್ಟಿಯಲ್ಲಿರುವ ಮೌಲ್ಯಮಾಪಕರೊಬ್ಬರಿಂದ ವರದಿ ಮಾಡಿಸಿಡುವುದು ಹೆಚ್ಚು ಉಪಯುಕ್ತ. ಇಂತಿಷ್ಟು ಸಾಲ, ಇಂತಿಷ್ಟು ವರ್ಷ ಸಿಗುವ ಸಂಭವವಿದೆ ಎಂದು ಹೇಳಬಲ್ಲ ಮಾರಾಟಗಾರರ ಮಾತಿಗೆ ಬೇರೆಯೇ ತೂಕವಿರುತ್ತದೆ.

ಬ್ಯಾಂಕಿನ ವಕೀಲರು ಕೇಳುವ ಮೊದಲ ಪ್ರಶ್ನೆ, ಮಾರುವವರು ಯಾರು ಯಾರು ಎಂಬುದು. ತಂದೆಯವರು ಉಯಿಲು ಬರೆಯದೆ ತೀರಿಕೊಂಡಿದ್ದರೆ, ಅವರ ಸ್ವಯಾರ್ಜಿತ ಆಸ್ತಿಯಲ್ಲಿ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಪತ್ನಿಗೆ, ಗಂಡು ಮಕ್ಕಳಿಗೆ, ಹೆಣ್ಣು ಮಕ್ಕಳಿಗೆ ಸಮಪಾಲಿದೆ. ತೀರಿಕೊಂಡವರ ತಾಯಿ ಬದುಕಿದ್ದರೆ ಅವರಿಗೂ ಇದೆ. ನಿವೇಶನ ಪಿತ್ರಾರ್ಜಿತವಾಗಿದ್ದರೆ 2005ರ ತಿದ್ದುಪಡಿ ಅನ್ವಯಿಸುತ್ತದೆ, ಮತ್ತು ಮಗಳ ಹಕ್ಕು ಹುಟ್ಟಿನಿಂದಲೇ ಬರುತ್ತದೆಂದು, ತಿದ್ದುಪಡಿ ಬಂದ ದಿನ ತಂದೆ ಬದುಕಿರಬೇಕಾಗಿಲ್ಲವೆಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ ಸ್ಪಷ್ಟಪಡಿಸಿದೆ. ಮದುವೆಯಾಗಿ ಹೋದ ಅಕ್ಕತಂಗಿಯರು ತಮಗೇನೂ ಬೇಡವೆಂದು ಬಾಯಿಮಾತಿನಲ್ಲಿ ಹೇಳಿದ್ದರೆ ಸಾಲದು. ಅವರು ತಮ್ಮ ಪಾಲು ಬಿಟ್ಟುಕೊಡುವ ನೋಂದಾಯಿತ ಹಕ್ಕುಖುಲಾಸೆ ಪತ್ರ ಬರೆದುಕೊಡಬೇಕು, ಇಲ್ಲವೇ ಕ್ರಯಪತ್ರಕ್ಕೆ ಮಾರಾಟಗಾರರಾಗಿಯೇ ಸಹಿ ಹಾಕಬೇಕು. ಕೊಳ್ಳುವವರು ಮನೆಗೆ ಬಂದಾಗ ಸೋದರಿಯರ ವಿಷಯ ಎತ್ತಿದೊಡನೆ ಮಾತು ತೇಲಿಸುವ ಕುಟುಂಬಗಳನ್ನು ಬ್ರೋಕರ್‌ಗಳು ಚೆನ್ನಾಗಿ ಬಲ್ಲರು.

ಖಾತಾ, ಅಂದರೆ ಪಾಲಿಕೆಯ ಆಸ್ತಿ ದಾಖಲೆ, ಇನ್ನೂ ತಂದೆಯವರ ಹೆಸರಿನಲ್ಲೇ ಇದ್ದರೆ ಮರಣ ಪ್ರಮಾಣ ಪತ್ರ ಮತ್ತು ವಂಶವೃಕ್ಷ ಕೊಟ್ಟು ವಾರಸುದಾರರ ಹೆಸರಿಗೆ ಬದಲಾಯಿಸಿಕೊಂಡು, ಅದರ ಡಿಜಿಟಲ್ ರೂಪವಾದ ಇ-ಖಾತಾ ಮಾಡಿಸಿ. ಅದಿಲ್ಲದೆ ಈಗ ನೋಂದಣಿ ಮುಂದುವರಿಯುವುದಿಲ್ಲ. ಅಡ್ವಾನ್ಸ್ ಕೊಟ್ಟ ಮೇಲೆ ಖಾತಾಕ್ಕಾಗಿ ತಿಂಗಳುಗಟ್ಟಲೆ ಕಾಯಲು ಯಾರೂ ಸಿದ್ಧರಿರುವುದಿಲ್ಲ. ಆಸ್ತಿಯ ಮೇಲಿನ ನೋಂದಾಯಿತ ಮಾರಾಟ, ಅಡಮಾನಗಳನ್ನು ತೋರಿಸುವ ಋಣಭಾರ ಪ್ರಮಾಣ ಪತ್ರವನ್ನು (ಇ.ಸಿ.) ಮೂವತ್ತು ವರ್ಷದಷ್ಟಾದರೂ ಹಿಂದಿನಿಂದ ತೆಗೆಸಿ. ಮನೆ ಕಟ್ಟುವಾಗ ಸಹಕಾರ ಸಂಘದಲ್ಲೋ ಬ್ಯಾಂಕಿನಲ್ಲೋ ಮಾಡಿದ ಸಾಲ ಎಂದೋ ತೀರಿದ್ದರೂ ಅದರ ಋಣಮುಕ್ತಿ ಪತ್ರ ನೋಂದಣಿಯಾಗದೆ, ಅಡಮಾನ ಹಾಗೆಯೇ ದಾಖಲೆಯಲ್ಲಿ ಉಳಿದಿರುವ ಸಂದರ್ಭಗಳುಂಟು. ಮೈಸೂರಿನ ಹಳೆಯ ಬಡಾವಣೆಗಳಿಗೇ ವಿಶೇಷವಾದ ಇನ್ನೊಂದು ತೊಡಕಿದೆ. 1903ರಲ್ಲಿ ಹುಟ್ಟಿದ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ನಗರದ ಅನೇಕ ಬಡಾವಣೆಗಳನ್ನು ಮಾಡಿತು. ಅದರ ಜಾಗಕ್ಕೆ 1988ರಲ್ಲಿ ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರ (ಮುಡಾ) ಬಂತು. ಟ್ರಸ್ಟ್ ಬೋರ್ಡಿನ ಕಾಲದಲ್ಲಿ ನಿವೇಶನ ಪಡೆದ ಕೆಲವರು ಹಂಚಿಕೆ ಪತ್ರ, ಸ್ವಾಧೀನ ಪತ್ರಗಳಿಗೇ ತೃಪ್ತರಾಗಿ, ಕಂತು ತೀರಿದ ಮೇಲೆ ಹಕ್ಕುಪತ್ರವನ್ನೋ ಶುದ್ಧ ಕ್ರಯಪತ್ರವನ್ನೋ ಪಡೆಯದೆ ಉಳಿದರು. ನಿಮ್ಮ ಕಡತದಲ್ಲಿ ಕೊನೆಯ ಪತ್ರ ಯಾವುದೆಂದು ಇವತ್ತೇ ನೋಡಿ.

ಇನ್ನು ಕಟ್ಟಡ. ಬೀಗ ಹಾಕಿದ ಮನೆಯೊಳಗೆ ಕಾಲಿಟ್ಟೊಡನೆ ಮೂಗಿಗೆ ಬಡಿಯುವ ವಾಸನೆಗೆ ಹೆಚ್ಚಿನ ಸಲ ಕಾರಣ ಗೋಡೆಯಲ್ಲ, ಬಚ್ಚಲು. ಬಳಕೆಯಿಲ್ಲದೆ ಚರಂಡಿ ಕೊಳವೆಯ ಬಾಗಿನಲ್ಲಿ ನಿಲ್ಲಬೇಕಾದ ನೀರು ಆರಿಹೋಗಿ, ಒಳಚರಂಡಿಯ ಗಾಳಿ ನೇರವಾಗಿ ಮನೆಯೊಳಗೆ ಬರುತ್ತದೆ. ವಾರಕ್ಕೊಮ್ಮೆ ಬಚ್ಚಲಿಗೂ ಶೌಚಾಲಯಕ್ಕೂ ಒಂದೊಂದು ಬಕೆಟ್ ನೀರು ಸುರಿದು, ಕಿಟಕಿ ತೆರೆದಿಟ್ಟರೆ ಸಾಕು. ನಿಮ್ಮಂಥ ಮನೆಗಳಲ್ಲಿ ಸೋರಿಕೆ ಮೊದಲು ಕಾಣಿಸುವುದು ಆರ್‌ಸಿಸಿ ಮುಗಿದು ಹೆಂಚು ಆರಂಭವಾಗುವ ಕೂಡುಜಾಗದಲ್ಲಿ. ಆ ಕಲೆಯ ಮೇಲಷ್ಟೇ ಹೊಸ ಬಣ್ಣ ಬಳಿಯಬೇಡಿ. ಒಂದು ಮೂಲೆಯಲ್ಲಿ ಮಾತ್ರ ಹೊಳೆಯುವ ಬಣ್ಣ ಎಲ್ಲರಿಗಿಂತ ಮೊದಲು ಕೊಳ್ಳುವವರ ಕಣ್ಣಿಗೇ ಬೀಳುತ್ತದೆ. ಗೋಡೆಯ ಬುಡದಲ್ಲಿ ತೇವ ಏರಿದ್ದರೆ ಅದರ ಮೇಲೆ ಸಿಮೆಂಟು ಗಾರೆ ಮೆತ್ತುವುದೂ ತಪ್ಪು. ಮಣ್ಣು ಅಥವಾ ಸುಣ್ಣದಲ್ಲಿ ಕಟ್ಟಿದ ಗೋಡೆಯಲ್ಲಿ ಹೊರಬರಲು ದಾರಿ ಕಾಣದ ತೇವ ಇನ್ನಷ್ಟು ಮೇಲಕ್ಕೇರುತ್ತದೆ. ಹೆಂಚಿನ ಕೆಳಗಿನ ತೊಲೆ, ರೀಪುಗಳಿಗೆ ಗೆದ್ದಲು ಹಿಡಿದಿದೆಯೇ, ಹಳೆಯ ವೈರಿಂಗ್ ಬದಲಾಗಿದೆಯೇ, ಪಕ್ಕದ ಮನೆಯೊಂದಿಗೆ ಜಂಟಿ ಗೋಡೆಯಿದೆಯೇ ಎಂಬುದನ್ನು ಎಂಜಿನಿಯರೊಬ್ಬರಿಂದ ಪರೀಕ್ಷೆ ಮಾಡಿಸಿ, ದುರಸ್ತಿಯ ಅಂದಾಜು ಪಟ್ಟಿಯನ್ನು ಬರವಣಿಗೆಯಲ್ಲಿ ಪಡೆಯಿರಿ. ಮನೆ ನೋಡುವವರು ತಮಗೆ ತಿಳಿಯದ ಖರ್ಚನ್ನು ಯಾವಾಗಲೂ ಎರಡರಷ್ಟು ಊಹಿಸಿಕೊಳ್ಳುತ್ತಾರೆ. ಆರು ಲಕ್ಷವೆಂದು ಬರೆದ ಪಟ್ಟಿ ಮುಂದಿದ್ದರೆ ಚೌಕಾಸಿ ಆರು ಲಕ್ಷದ ಆಸುಪಾಸಿನಲ್ಲೇ ನಡೆಯುತ್ತದೆ. ಮನೆಯನ್ನು ಪೂರ್ತಿ ನವೀಕರಿಸಿ ಮಾರುವ ಆಲೋಚನೆಯನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಕೆಡವಲು ಬರುವವರಿಗೆ ಆ ಖರ್ಚು ಲೆಕ್ಕಕ್ಕೇ ಇಲ್ಲ.

ವಾಸ್ತುವಿನ ಬಗ್ಗೆ ಹೆಚ್ಚು ಚಿಂತಿಸಬೇಡಿ. ದಕ್ಷಿಣದ ಬಾಗಿಲನ್ನು ನಿಜವಾಗಿ ಒಲ್ಲದವರು ಫೋನಿನಲ್ಲೇ ದಿಕ್ಕು ಕೇಳುತ್ತಾರೆ. ಮನೆ ನೋಡಿಯಾದ ಮೇಲೆ ಎತ್ತುವ ವಾಸ್ತು ಬಹುಪಾಲು ಚೌಕಾಸಿಯ ಮಾತು. ನೀವು ಹೇಳುವ ಒಂದು ವರ್ಷದಲ್ಲಿ ಆಷಾಢ, ಪಿತೃಪಕ್ಷ, ಧನುರ್ಮಾಸಗಳನ್ನೂ ಕಳೆಯಬೇಕು. ಆಷಾಢ ಶುಕ್ರವಾರ ಬೆಟ್ಟ ಹತ್ತುವ ಊರಿನಲ್ಲಿ ಆ ತಿಂಗಳು ಅಡ್ವಾನ್ಸ್ ಕೊಡುವವರು ಅಪರೂಪ. ನಾಲ್ಕು ಬ್ರೋಕರ್‌ಗಳಿಗೆ ಹೇಳಿ, ಅವರು ನಾಲ್ಕು ಬೆಲೆ ಹೇಳುತ್ತಿದ್ದರೆ ಅದನ್ನು ಕೂಡಲೇ ನಿಲ್ಲಿಸಿ.

ಬೋರ್ಡು ನೋಡಿ ಬರುವವರಿಗಿಂತ ಮೊದಲು ಮಾತನಾಡಿಸಬೇಕಾದವರು ನಿಮ್ಮ ಎರಡೂ ಪಕ್ಕದ ಮನೆಯವರು. 20 ಅಡಿ ಅಗಲದ ನಿವೇಶನ ಹೊರಗಿನವರಿಗೆ ಇಕ್ಕಟ್ಟು. ಪಕ್ಕದವರಿಗೆ ಅದೇ 20 ಅಡಿ ತಮ್ಮ ಜಾಗಕ್ಕೆ ಸೇರಿದರೆ ಅದರ ಬೆಲೆಯೇ ಬೇರೆ. ಜಂಟಿ ಗೋಡೆಯ ತಕರಾರೂ ಅವರಿಗಿರುವುದಿಲ್ಲ. ನೀವಾಗಿ ಕೇಳುವವರೆಗೆ ಅವರು ಆಸೆ ತೋರಿಸುವುದಿಲ್ಲ, ತೋರಿಸಿದರೆ ಬೆಲೆ ಏರುತ್ತದೆಂಬ ಲೆಕ್ಕ ಅವರಿಗೂ ಗೊತ್ತು.

ಇಷ್ಟೆಲ್ಲ ಮಾಡಿಯೂ ಮೂರು ನಾಲ್ಕು ತಿಂಗಳಲ್ಲಿ ಯಾರೂ ಮುಂದೆ ಬರದಿದ್ದರೆ ಬೆಲೆ ಇಳಿಸಿ. ಆದರೆ ಸಾವಿರಗಳಲ್ಲಿ ಹಲವು ಸಲ ಇಳಿಸದೆ ಒಂದೇ ಸಲ, ಕಣ್ಣಿಗೆ ಕಾಣುವಷ್ಟು ಇಳಿಸಿ. ಅದಕ್ಕೆ ಮುನ್ನ ನಿಮ್ಮ ಬೀದಿಗೆ ಸರ್ಕಾರ ಗೊತ್ತುಪಡಿಸಿದ ಮಾರ್ಗಸೂಚಿ ದರವನ್ನು ಉಪನೋಂದಣಾಧಿಕಾರಿ ಕಚೇರಿಯಲ್ಲಿ ಖಚಿತಪಡಿಸಿಕೊಳ್ಳಿ. ಕ್ರಯದ ಮೊತ್ತ ಅದಕ್ಕಿಂತ ಕಡಿಮೆಯಾದರೂ ಮುದ್ರಾಂಕ ಶುಲ್ಕ ಮಾರ್ಗಸೂಚಿ ದರದ ಮೇಲೆಯೇ ಬೀಳುತ್ತದೆ. ಆ ದರ ಕ್ರಯದ ಮೊತ್ತದ ಶೇ. 110ನ್ನು ಮೀರಿದರೆ ನಿಮ್ಮ ಆದಾಯ ತೆರಿಗೆಯ ಲೆಕ್ಕವೂ ಆ ದರದ ಮೇಲೆಯೇ ನಡೆಯುತ್ತದೆ, ಕೊಳ್ಳುವವರಿಗೂ ವ್ಯತ್ಯಾಸದ ಮೊತ್ತಕ್ಕೆ ತೆರಿಗೆ ಬರಬಹುದು. ಆ ಗೆರೆಯಿಂದ ಕೆಳಗೆ ಇಳಿಸಿದ ರೂಪಾಯಿ ಇಬ್ಬರಿಗೂ ಪೂರ್ತಿ ದಕ್ಕುವುದಿಲ್ಲ.