ಮಲೆನಾಡಿನ ಮಬ್ಬಿಗೆ ಎಂಥ ಬೈನಾಕ್ಯುಲರ್?

ಕಾಟಿ, ಕಡವೆ ಕಾಡಂಚಿನ ಹಡ್ಲಿಗೆ ಇಳಿಯುವುದು ಹೆಚ್ಚಾಗಿ ನಸುಕಿನಲ್ಲಿ, ಇಲ್ಲವೇ ಹೊತ್ತು ಮುಳುಗುವಾಗ. 1972ರ ವನ್ಯಜೀವಿ ಕಾಯ್ದೆ ಮತ್ತು 1991ರ ತಿದ್ದುಪಡಿ ಬಂದ ಮೇಲೆ ಶಿಕಾರಿಯ ಕಾಲ ಮುಗಿಯಿತು. ಒಳ್ಳೆಯದೇ ಆಯಿತು. ಈಗ ದೊಡ್ಡ ಪ್ರಾಣಿಗಳ ಹುಚ್ಚು ಹತ್ತಿದವರಿಗೆ ಬೇಕಾದ್ದು ಬೈನಾಕ್ಯುಲರ್.

ಹೊಸಬರು ಅಂಗಡಿಯಲ್ಲಿ ಮೊದಲು ಕೇಳುವುದು "ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತೆ?" ಅಂತ. ನಮ್ಮ ಕಡೆಗೆ ಅದಕ್ಕಿಂತ ಮುಖ್ಯವಾದದ್ದು ಬೆಳಕು ಮತ್ತು ಮಳೆ.

8×42 ಎಂದರೆ 8 ಪಟ್ಟು ಹಿಗ್ಗಿಸುತ್ತದೆ, ಮುಂದಿನ ಲೆನ್ಸ್ 42 ಮಿಲಿಮೀಟರ್ ಅಗಲ. 42ನ್ನು 8ರಿಂದ ಭಾಗಿಸಿ: 5.25 ಮಿ.ಮೀ. ಕಣ್ಣಿಗೆ ತಲುಪುವ ಬೆಳಕಿನ ಕಂಬಿಯ ದಪ್ಪ ಅದು. ಬಿಸಿಲಿನಲ್ಲಿ ನಮ್ಮ ಪಾಪೆ 2-3 ಮಿ.ಮೀ.ಗೆ ಕುಗ್ಗಿರುತ್ತದೆ, ಮಬ್ಬಿನಲ್ಲಿ 5 ದಾಟಿ ಹಿಗ್ಗಬಹುದು. ಜೇಬಿಗೆ ಹಿಡಿಸುವ 10×25 ಕೊಡುವುದು ಬರೀ 2.5 ಮಿ.ಮೀ. ಮಧ್ಯಾಹ್ನ ಅದೂ ಸಾಕು. ಸಂಜೆ ಆರೂವರೆಗೆ ಅದರಲ್ಲಿ ಕಾಟಿ ಯಾವುದು, ಪೊದೆ ಯಾವುದು ಗೊತ್ತಾಗದು. ಪಟ್ಟು ಜಾಸ್ತಿಯಾದಷ್ಟೂ ಕೈ ನಡುಕವೂ ಜಾಸ್ತಿ ಕಾಣುತ್ತದೆ. ಅಗ್ಗದ ಜೂಮ್ ಮಾದರಿಗಳಂತೂ ಬೇಡವೇ ಬೇಡ.

ಇನ್ನು ಗಾಜಿನ ಲೇಪನ. ಲೇಪನವಿಲ್ಲದ ಗಾಜಿನ ಒಂದೊಂದು ಮೈಯೂ ಸುಮಾರು 4% ಬೆಳಕನ್ನು ವಾಪಸ್ ಕಳಿಸುತ್ತದೆ. ಅಂಥ ಹತ್ತು ಮೈ ದಾಟುವಷ್ಟರಲ್ಲಿ ಮೂರನೇ ಒಂದು ಪಾಲು ಹೋಯಿತು! ಝೈಸ್ ಕಂಪನಿಯ ಅಲೆಕ್ಸಾಂಡರ್ ಸ್ಮಾಕುಲಾ 1935ರಲ್ಲಿ ಈ ನಷ್ಟ ತಡೆಯುವ ತೆಳು ಲೇಪನ ಕಂಡುಹಿಡಿದರು. ಅಂಗಡಿಯಲ್ಲೇ ಪರೀಕ್ಷಿಸಬಹುದು. ಟ್ಯೂಬ್‌ಲೈಟ್ ಕೆಳಗೆ ನಿಂತು ಮುಂದಿನ ಲೆನ್ಸನ್ನು ಸ್ವಲ್ಪ ಓರೆ ಮಾಡಿ. ದೀಪದ ಬಿಂಬ ಮಂಕಾಗಿ, ಹಸಿರು ಅಥವಾ ನೇರಳೆ ಬಣ್ಣದಲ್ಲಿ ಕಂಡರೆ ಲೇಪನವಿದೆ. ಬೆಳ್ಳಗೆ ಹೊಳೆದರೆ ಇಲ್ಲ. ಕನ್ನಡಿಯಂತೆ ಕೆಂಪಗೆ ಮಿನುಗುವುದನ್ನು ಅಲ್ಲೇ ಬಿಟ್ಟು ಬನ್ನಿ.

ಬಜೆಟ್ ಕಡಿಮೆಯಿದ್ದರೆ ಪೋರೋ ಮಾದರಿಯನ್ನೂ ನೋಡಿ. ಅದೇ, ಕಣ್ಣಿನ ಕಡೆ ಕಿರಿದಾಗಿ ಮುಂದೆ ಅಗಲವಾಗಿರುವ ಹಳೇ ಆಕಾರದ್ದು. ಅದರೊಳಗಿನ ಪಟ್ಟಕಗಳಲ್ಲಿ, ಅಂದರೆ ಬೆಳಕನ್ನು ತಿರುಗಿಸುವ ಗಾಜಿನ ಪ್ರಿಸಂಗಳಲ್ಲಿ, ಬೆಳಕು ಪೂರ್ತಿ ಪ್ರತಿಫಲಿಸುತ್ತದೆ, ಬೆಳ್ಳಿಯಂಥ ಲೇಪನದ ಖರ್ಚಿಲ್ಲ. ಹಾಗಾಗಿ ಅದೇ ದುಡ್ಡಿಗೆ ನೇರ ಕೊಳವೆಯದಕ್ಕಿಂತ ಚೆನ್ನಾದ ಚಿತ್ರ ಸಿಗುವುದುಂಟು. ಆದರೆ ಅಗ್ಗದ ಪೋರೋಗಳಲ್ಲಿ ನೀರು ತಡೆಯುವಂಥವು ಕಡಿಮೆ. ಮಂಡಗದ್ದೆಯಲ್ಲಿ ಹಕ್ಕಿಗಳು ತುಂಗೆಯ ನಡುಗಡ್ಡೆಗಳಲ್ಲಿ ಗೂಡು ಕಟ್ಟುವುದೇ ಮಳೆಗಾಲದಲ್ಲಿ, ಅಲ್ವಾ? ಜಡಿಮಳೆಯಲ್ಲೂ ಹೊರಡುವವರು ಸ್ವಲ್ಪ ಜಾಸ್ತಿ ಕೊಟ್ಟು, ಒಳಗೆ ನೈಟ್ರೋಜನ್ ತುಂಬಿ ಮುಚ್ಚಿದ 8×42 ಕೊಳ್ಳುವುದೇ ಸರಿ. ಒಣ ಅನಿಲ ಇರುವುದರಿಂದ ಒಳಗಿನ ಗಾಜಿಗೆ ಮಂಜು ಕಟ್ಟುವುದಿಲ್ಲ.

ಮನೆಗೆ ಬಂದ ಮೇಲೆ ಒದ್ದೆ ಚೀಲದಲ್ಲೇ ಬಿಡಬೇಡಿ. ಒರೆಸಿ, ಗಾಳಿಗೆ ಆರಿಸಿ, ಸಿಲಿಕಾ ಜೆಲ್ ಹಾಕಿದ ಬಿಗಿ ಡಬ್ಬಿಯಲ್ಲಿಡಿ. ಲೆನ್ಸಿಗೆ ಬೂಷ್ಟು ಹಿಡಿದರೆ ಅದು ಬಿಡುವ ಆಮ್ಲ ಲೇಪನವನ್ನೂ ಗಾಜನ್ನೂ ತಿನ್ನುತ್ತದೆ. ಆಮೇಲೆ ಎಷ್ಟು ಒರೆಸಿದರೂ ಆ ಕಲೆ ಹೋಗದು.