ಅಡುಗೆಮನೆ ನವೀಕರಣ, ಮನೆಯ ಬೆಲೆ: ಶೇಕಡಾ 96ರ ಲೆಕ್ಕ ಬಿಡಿಸಿಕೊಂಡ ಟಿಪ್ಪಣಿ

ಅಡುಗೆಮನೆ ಹೊಸದು ಮಾಡಿಸಿದರೆ ಮನೆಯ ಬೆಲೆ ಎಷ್ಟು ಏರುತ್ತದೆ? ಅಮೆರಿಕದಲ್ಲಿ ಈ ಪ್ರಶ್ನೆ ಬಂದಾಗ ಹೆಚ್ಚಿನವರು ತೆಗೆಯುವುದು ಝೋಂಡಾ ಸಂಸ್ಥೆಯ 'ಕಾಸ್ಟ್ ವರ್ಸಸ್ ವ್ಯಾಲ್ಯೂ' ವರದಿ. 2024ರ ರಾಷ್ಟ್ರೀಯ ಸರಾಸರಿ ಹೀಗಿದೆ (ಎಲ್ಲ ಡಾಲರ್‌ಗಳಲ್ಲಿ; 'ಸೇರುವ ಬೆಲೆ' ಅಂದರೆ ಈ ಕೆಲಸದಿಂದ ಮನೆಯ ಮಾರಾಟ ಬೆಲೆಗೆ ಕೂಡುವ ಮೊತ್ತ):

ಸಣ್ಣ ನವೀಕರಣ: ಖರ್ಚು 27,492, ಸೇರುವ ಬೆಲೆ 26,406, ಶೇ. 96.1
ದೊಡ್ಡದು, ಮಧ್ಯಮ ದರ್ಜೆ: ಖರ್ಚು 79,982, ಸೇರುವ ಬೆಲೆ 39,587, ಶೇ. 49.5
ದೊಡ್ಡದು, ದುಬಾರಿ ದರ್ಜೆ: ಖರ್ಚು 1,58,530, ಸೇರುವ ಬೆಲೆ 60,176, ಶೇ. 38

ಶೇ. 96 ಯಾವುದರದ್ದು?

ನಾನು ತಿಣುಕಾಡಿದ್ದು ಇಲ್ಲೇ. ಶೇ. 96 ಲಾಭವಾ? ಮನೆಯ ಬೆಲೆ ಶೇ. 96 ಏರುತ್ತದಾ? ಎರಡೂ ಅಲ್ಲ. ಸೇರಿದ ಬೆಲೆಯನ್ನು ಖರ್ಚಿನಿಂದ ಭಾಗಿಸಿದ್ದಾರೆ, ಅಷ್ಟೇ. 26,406 ÷ 27,492. ಅಂದರೆ ಹಾಕಿದ ದುಡ್ಡಿನಲ್ಲಿ ವಾಪಸ್ ಬಂದ ಪಾಲು. 100 ಬಂದರೆ ಅಸಲು ಕೈಗೆ ಬಂತು. 100ರ ಕೆಳಗೆ ಏನಿದ್ದರೂ ನಷ್ಟವೇ. ಸಣ್ಣ ನವೀಕರಣದಲ್ಲಿ 1,086 ಡಾಲರ್ ಕೈಬಿಟ್ಟು ಹೋಗುತ್ತದೆ. ದುಬಾರಿಯದರಲ್ಲಿ 98,354.

ಮನೆಯ ಬೆಲೆಗೆ ಹೋಲಿಸಬೇಕಾದರೆ ಛೇದವನ್ನೇ ಬದಲಿಸಬೇಕು. ಮನೆ 4 ಲಕ್ಷ ಡಾಲರಿನದು ಅಂದುಕೊಳ್ಳಿ. 26,406 ÷ 4,00,000 ಅಂದರೆ ಶೇ. 6.6 ಏರಿಕೆ. ಒಂದೇ ಕೆಲಸ, ಒಂದೇ ಮನೆ, ಆದರೆ ಒಂದು ಕಡೆ 96, ಇನ್ನೊಂದು ಕಡೆ 6.6. ಶೇಕಡಾ ಕಂಡ ಕೂಡಲೇ 'ಯಾವುದರಲ್ಲಿ?' ಅಂತ ಕೇಳಿಕೊಳ್ಳಿ.

ನನಗೆ ತುಂಬ ಇಷ್ಟವಾದ ಕಳೆಯುವ ಲೆಕ್ಕ

ಮೇಲಿನ ಸಾಲುಗಳನ್ನು ಬಿಡಿಬಿಡಿಯಾಗಿ ಓದಬೇಡಿ. ಒಂದರಿಂದ ಇನ್ನೊಂದನ್ನು ಕಳೆಯಿರಿ.

ಸಣ್ಣದರಿಂದ ಮಧ್ಯಮ ದರ್ಜೆಗೆ ಹೋದರೆ ಹೆಚ್ಚುವರಿ ಖರ್ಚು 79,982 − 27,492 = 52,490. ಹೆಚ್ಚುವರಿ ಬೆಲೆ 39,587 − 26,406 = 13,181. ಭಾಗಿಸಿದರೆ ಸುಮಾರು 0.25.

ಮಧ್ಯಮದಿಂದ ದುಬಾರಿಗೆ ಹೋದರೆ ಹೆಚ್ಚುವರಿ ಖರ್ಚು 78,548, ಹೆಚ್ಚುವರಿ ಬೆಲೆ 20,589. ಸುಮಾರು 0.26.

ನೋಡಿದ್ರಾ? ಮೊದಲ 27 ಸಾವಿರಕ್ಕೆ ಡಾಲರಿಗೆ 96 ಸೆಂಟ್ ಬರುತ್ತದೆ. ಅದರಾಚೆ ಹಾಕುವ ಪ್ರತಿ ಡಾಲರಿಗೂ ಕಾಲು ಡಾಲರ್ ಮಾತ್ರ. ಶೇ. 49.5 ಅನ್ನುವ ಸರಾಸರಿ ಇದನ್ನು ಮುಚ್ಚಿಬಿಡುತ್ತದೆ, 'ಅರ್ಧ ದುಡ್ಡಾದರೂ ಬರುತ್ತಲ್ಲ' ಅನಿಸುತ್ತದೆ. ಗುತ್ತಿಗೆದಾರ 'ಇನ್ನು ಹತ್ತು ಸಾವಿರ ಹಾಕಿ, ಕೆಲಸ ಇನ್ನೂ ಚೆನ್ನಾಗಿ ಬರುತ್ತೆ' ಅಂದಾಗ ಸರಾಸರಿ ನೋಡಬಾರದು, ಈ ಕಾಲು ಡಾಲರನ್ನು ನೋಡಬೇಕು. ಮೂರೂ ಬೇರೆ ಬೇರೆ ಕೆಲಸಗಳು, ಆದ್ದರಿಂದ ಇದು ಒರಟು ಲೆಕ್ಕ. ಆದರೂ ದಿಕ್ಕು ತೋರಿಸಲು ಸಾಕು.

ಇಷ್ಟು ವ್ಯತ್ಯಾಸ ಯಾಕೆ? ಸಣ್ಣ ನವೀಕರಣದಲ್ಲಿ ಕಪಾಟಿನ ಪೆಟ್ಟಿಗೆ ಹಾಗೇ ಉಳಿಯುತ್ತದೆ. ಬಾಗಿಲು, ಹಿಡಿ, ಕೌಂಟರ್, ಸಿಂಕು, ನಲ್ಲಿ, ಒಲೆ, ಫ್ರಿಜ್ಜು ಬದಲಾಗುತ್ತವೆ. ಮನೆ ನೋಡಲು ಬಂದವರ ಕಣ್ಣಿಗೆ ಬೀಳುವುದು ಇವೇ. ದೊಡ್ಡದರಲ್ಲಿ ಕಪಾಟುಗಳನ್ನೆಲ್ಲ ಕಿತ್ತು ಹೊಸದು ಕೂರಿಸಿ ನಡುವೆ ಐಲ್ಯಾಂಡ್ (ಒಂಟಿಯಾಗಿ ನಿಲ್ಲುವ ಕಟ್ಟೆ) ಹಾಕುತ್ತಾರೆ. ದುಬಾರಿಯದರಲ್ಲಿ ಕಲ್ಲಿನ ಕೌಂಟರ್, ಹೇಳಿ ಮಾಡಿಸಿದ ಕಪಾಟು. ಅದು ಮಾಡಿಸಿದವರ ಆಸೆ. ಕೊಳ್ಳುವವರು ಅದಕ್ಕೆ ಪೂರ್ತಿ ದುಡ್ಡು ಕೊಡುವುದಿಲ್ಲ.

ಒಂದು ಎಚ್ಚರಿಕೆ: 'ಸೇರುವ ಬೆಲೆ' ರಿಯಲ್ ಎಸ್ಟೇಟ್ ವೃತ್ತಿಯವರನ್ನು ಕೇಳಿ ಪಡೆದ ಅಂದಾಜು. ಮಾರಾಟ ಪತ್ರಗಳಿಂದ ತೆಗೆದದ್ದಲ್ಲ. ಊರಿಂದ ಊರಿಗೆ ಬದಲಾಗುತ್ತದೆ.

ಅಪ್ರೈಸರ್ ಏನು ಬರೆಯುತ್ತಾರೆ

ಸಾಲಕ್ಕಾಗಿ ಬೆಲೆ ಕಟ್ಟುವ ಅಪ್ರೈಸರ್ ನಿಮ್ಮ ಬಿಲ್ಲನ್ನೇ ಬೆಲೆ ಅಂತ ಬರೆದುಕೊಳ್ಳುವುದಿಲ್ಲ. ಅದೇ ಬಡಾವಣೆಯಲ್ಲಿ ಇತ್ತೀಚೆಗೆ ಮಾರಾಟವಾದ, ಮಿಕ್ಕಿದ್ದೆಲ್ಲ ಹೆಚ್ಚುಕಡಿಮೆ ಒಂದೇ ಇರುವ ಮನೆಗಳನ್ನು ಹೋಲಿಸಿ, ಅಡುಗೆಮನೆಯ ಕಾರಣಕ್ಕೆ ಬಂದ ಅಂತರ ಎಷ್ಟು ಅಂತ ನೋಡುತ್ತಾರೆ. 2011ರಲ್ಲಿ ಜಾರಿಗೆ ಬಂದ ಏಕರೂಪದ ನಮೂನೆಯಲ್ಲಿ ಅಡುಗೆಮನೆಗೆ ಇಟ್ಟದ್ದು ಮೂರು ದರ್ಜೆ: ನಾಟ್ ಅಪ್‌ಡೇಟೆಡ್ (ಹಳೆಯದೇ), ಅಪ್‌ಡೇಟೆಡ್ (ಒಂದಿಷ್ಟು ಹೊಸದು ಮಾಡಿದ್ದು), ರಿಮಾಡೆಲ್ಡ್ (ಬಹುಪಾಲು ಬದಲಿಸಿದ್ದು). ಜೊತೆಗೆ ಯಾವಾಗ ಮಾಡಿಸಿದ್ದು ಅಂತ ಅವಧಿ: ಒಂದು ವರ್ಷದೊಳಗೆ, 1ರಿಂದ 5, 6ರಿಂದ 10, 11ರಿಂದ 15. ಅಂದರೆ ಹೊಸತನಕ್ಕೂ ವಯಸ್ಸಾಗುತ್ತದೆ. ಮಾರುವುದು ಹತ್ತು ವರ್ಷದ ಮೇಲೆ ಅಂತಿದ್ದರೆ, ಬೆಲೆಗೋಸ್ಕರ ಈಗಲೇ ಮಾಡಿಸುವುದರಲ್ಲಿ ಅರ್ಥ ಕಡಿಮೆ.

ಅಮೆರಿಕದಲ್ಲಿರುವ ನಮ್ಮವರಿಗೆ ಒಂದು ಮಾತು. ಒಗ್ಗರಣೆ ಹೊಗೆಯನ್ನು ಗೋಡೆಯಾಚೆ ಬಿಡುವ ಹುಡ್ ಖಂಡಿತ ಹಾಕಿಸಿ. ಸೋಸಿದ ಗಾಳಿಯನ್ನು ಮತ್ತೆ ಒಳಗೇ ಬಿಡುವ ಮೈಕ್ರೋವೇವ್ ಹುಡ್ ಮೆಣಸಿನಕಾಯಿ ಘಾಟಿಗೆ ಸಾಲದು. ಆದರೆ ಹೊರಗೆ ಬಿಡುವ ಹುಡ್ಡನ್ನು ದಿನಾ ಅಡುಗೆ ಮಾಡುವ ಸುಖದ ಖರ್ಚು ಅಂತ ಬರೆದಿಡಿ, ಮರುಮಾರಾಟದ ಲೆಕ್ಕಕ್ಕೆ ಸೇರಿಸಬೇಡಿ.

ತೆರಿಗೆ, ಚುಟುಕಾಗಿ

ಅಮೆರಿಕದ ತೆರಿಗೆ ಇಲಾಖೆಯ 523ನೇ ಪ್ರಕಟಣೆ ಅಡುಗೆಮನೆ ಆಧುನೀಕರಣವನ್ನು 'ಸುಧಾರಣೆ' ಪಟ್ಟಿಗೆ ಸೇರಿಸಿದೆ. ಈ ಖರ್ಚು ಮನೆಯ ಮೂಲ ವೆಚ್ಚಕ್ಕೆ ಕೂಡುತ್ತದೆ, ಮಾರುವಾಗ ತೋರಿಸುವ ಲಾಭ ಅಷ್ಟು ಇಳಿಯುತ್ತದೆ. ಹಿಂದಿನ 5 ವರ್ಷದಲ್ಲಿ 2 ವರ್ಷ ಸ್ವಂತ ಮನೆಯಾಗಿ ವಾಸವಿದ್ದರೆ ಸಾಮಾನ್ಯವಾಗಿ ಒಬ್ಬರಿಗೆ 2,50,000, ಜಂಟಿ ರಿಟರ್ನ್ ಹಾಕುವ ದಂಪತಿಗೆ 5,00,000 ಡಾಲರ್‌ವರೆಗಿನ ಲಾಭಕ್ಕೆ ತೆರಿಗೆ ಇಲ್ಲ. ಹಾಗಾಗಿ ಈ ಕೂಡಿಕೆ ನಿಜವಾಗಿ ಉಪಯೋಗಕ್ಕೆ ಬರುವುದು ಲಾಭ ಆ ಮಿತಿ ದಾಟಿದಾಗ. ಕಿತ್ತು ಬಿಸಾಕಿದ ಹಳೆ ಕಪಾಟಿನ ಖರ್ಚನ್ನು ಸೇರಿಸುವಂತಿಲ್ಲ, ಈಗ ಮನೆಯಲ್ಲಿ ಇರುವುದಕ್ಕೆ ಮಾತ್ರ ಲೆಕ್ಕ. ಬಿಲ್ಲುಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿ.