ನಾಲ್ಕು ವರ್ಷದ ಮಗಳಿಗೆ ಇನ್ನೂ ಅಕ್ಷರ ಬರೆಸುತ್ತಿಲ್ಲ, ಹಿಂದೆ ಬೀಳ್ತಾಳಾ?

ಪ್ರಶ್ನೆ: ನಮ್ಮದು ಗದಗ. ಮಗಳು ಓಣಿಯ ಅಂಗನವಾಡಿಗೆ ಹೋಗ್ತಾಳೆ. ಅಲ್ಲಿ ಹಾಡು, ಕಥೆ, ಆಟ ಅಷ್ಟೇ. ಪಕ್ಕದ ಮನೆ ಹುಡುಗ ಎಲ್‌ಕೆಜಿಯಲ್ಲಿ ಆಗಲೇ ಪುಟಗಟ್ಟಲೆ ಬರೀತಾನೆ. ನಾವೂ ಮನೇಲಿ ಬರೆಸಬೇಕಾ?

ಉತ್ತರ: ಬೇಡ. ಅವಳು ಹಿಂದೆ ಬೀಳಲ್ಲ.

ಮಣಿಕಟ್ಟಿನಲ್ಲಿ 8 ಪುಟ್ಟ ಎಲುಬುಗಳಿವೆ. ಮಗು ಹುಟ್ಟಿದಾಗ ಅವು ಇನ್ನೂ ಮೆತ್ತಗಿರುತ್ತವೆ, ಒಂದೊಂದಾಗಿ ಗಟ್ಟಿಯಾಗಲು ವರ್ಷಗಳೇ ಹಿಡಿಯುತ್ತವೆ. ಸಾಮಾನ್ಯವಾಗಿ ಮಕ್ಕಳು ಮೂರು ವರ್ಷಕ್ಕೆ ಸೊನ್ನೆ ಸುತ್ತುತ್ತಾರೆ, ನಾಲ್ಕಕ್ಕೆ ಅಡ್ಡ ಉದ್ದ ಗೆರೆ ಕೂಡಿಸುತ್ತಾರೆ. ತ್ರಿಕೋನ ಬರೋದು ಐದರ ಸುಮಾರಿಗೆ. ಹೀಗಿರುವಾಗ ಸುತ್ತಿ ಬಳಸಿ ಬರೆಯುವ ಕನ್ನಡದ ಅಕ್ಷರಗಳನ್ನು ಕಾಪಿ ತುಂಬ ತಿದ್ದಿಸಿದರೆ ಕೈ ನೋಯುತ್ತೆ, ಪುಸ್ತಕ ಕಂಡರೆ ಬೇಸರ ಶುರುವಾಗುತ್ತೆ.

ಮಣ್ಣೆತ್ತಿನ ಅಮಾವಾಸ್ಯೆ ದಿನ ಅವಳ ಕೈ ಗಮನಿಸಿ ನೋಡಿ. ಎರೆಮಣ್ಣನ್ನು ಅಂಗೈಯಲ್ಲಿ ಉರುಳಿಸಿ ಉಂಡೆ ಕಟ್ಟುತ್ತಾಳೆ. ಹೆಬ್ಬೆರಳು, ತೋರುಬೆರಳಿನಲ್ಲಿ ಚಿವುಟಿ ಕೊಂಬು ಎಳೆಯುತ್ತಾಳೆ. ಮುರಿದರೆ ನೀರು ಸವರಿ ಮತ್ತೆ ಅಂಟಿಸುತ್ತಾಳೆ. ನಾಳೆ ಪೆನ್ಸಿಲ್ ಹಿಡಿಯೋದು ಇದೇ ಬೆರಳುಗಳು. ಎತ್ತು ಎರಡು, ಗ್ವಾದಲಿ (ಮೇವು ಹಾಕುವ ತೊಟ್ಟಿ) ಒಂದು ಅಂತ ಲೆಕ್ಕವೂ ಅಲ್ಲೇ ಬಂತು ಅಲ್ವಾ?

ಇದು ಹೊಸ ಮಾತೇನೂ ಅಲ್ಲ. 1907ರಲ್ಲಿ ರೋಮ್‌ನಲ್ಲಿ ಶಾಲೆ ತೆರೆದ ಮಾರಿಯಾ ಮಾಂಟೆಸ್ಸೊರಿ, ಉಸುಕುಕಾಗದದಲ್ಲಿ ಕತ್ತರಿಸಿದ ಅಕ್ಷರಗಳ ಮೇಲೆ ಮಕ್ಕಳ ಬೆರಳಾಡಿಸುತ್ತಿದ್ದರು. ಪೆನ್ಸಿಲ್ಲಿನಲ್ಲಿ ಬರೆಯೋದು ಆಮೇಲೆ. (ಈಗ ಅವರ ಹೆಸರಿನ ಬೋರ್ಡ್ ಹಾಕಿಕೊಂಡೂ ದಿನವಿಡೀ ಕಾಪಿ ಬರೆಸುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತೆ.) ನಮ್ಮ 2020ರ ರಾಷ್ಟ್ರೀಯ ಶಿಕ್ಷಣ ನೀತಿ ಕೂಡ 3ರಿಂದ 8 ವರ್ಷವನ್ನು ಒಂದೇ ಹಂತವೆಂದು ಹಿಡಿದು, ಆಟದ ಮೂಲಕ ಕಲಿಸಿ ಎನ್ನುತ್ತದೆ. ಅಕ್ಷರಕ್ಕೂ ಹೊತ್ತಿದೆ. ರ, ಗ, ಸ, ದ, ಅ ಬಂದರೆ ಸಾಕು, ಸರ, ಅರಸ, ಗರಗಸ ಎಲ್ಲ ಓದಬಹುದು.

ಹಾಗಂತ ಮಕ್ಕಳನ್ನು ಸುಮ್ನೆ ಆಡಲು ಬಿಟ್ಟು ಕೂತರೆ ಅದು ಕಲಿಕೆ ಅಲ್ಲ. ಒಂದು ಬೆಳಿಗ್ಗೆ ಅಂಗನವಾಡಿಗೆ ಹೋಗಿ ಕೂತು ನೋಡಿ. ಕಥೆ ನಡುವೆ ನಿಲ್ಲಿಸಿ, 'ಮುಂದ ಏನಾತು ಹೇಳ್ರಿ' ಅಂತ ಟೀಚರ್ ಕೇಳ್ತಾರಾ? ಮಗು ತನ್ನ ಮನೆ ಮಾತಿನಲ್ಲಿ 'ನರಿ ಓಡಿ ಹೋತು' ಅಂದರೆ, ಅದನ್ನು ತಿದ್ದದೆ ಕಥೆ ಮುಂದುವರಿಸ್ತಾರಾ? ಬೀಜ, ಕಲ್ಲು, ಮಣ್ಣು ಮಕ್ಕಳ ಕೈಗೆ ಸಿಗುತ್ತಾ? ಇಷ್ಟಿದ್ದರೆ ಧೈರ್ಯವಾಗಿ ಬಿಡಿ. ಊಟ ಬರೋತನಕ ಮಕ್ಕಳು ಕೈಕಟ್ಟಿ ಕೂತಿದ್ದರೆ ಮಾತ್ರ ಟೀಚರ್ ಹತ್ತಿರ ಮಾತಾಡಿ, ನಾಲ್ಕು ಜನ ತಾಯಂದಿರು ಸೇರಿಯೇ ಹೋಗಿ.